ಪೆಟ್ರೋಲಿಗಿಂತ ಅದರ ಹೊಗೆಯೇ ಭಾರ!

ಪ್ರಶ್ನೆ: ದಸರಾ ರಜೆಗೆ ಬೆಂಗಳೂರಿನಿಂದ ಹಂಪಿಗೆ ಕಾರಿನಲ್ಲಿ ಹೊರಟಿದ್ದೇವೆ. ಇದರಿಂದ ಹವಾಮಾನದ ಮೇಲಾಗುವ ಪರಿಣಾಮವನ್ನು ಮಕ್ಕಳಿಗೆ ಹೇಗೆ ತಿಳಿಸಲಿ?

ಉತ್ತರ: ಉಪದೇಶ ಬೇಡ, ಲೆಕ್ಕ ಮಾಡಿಸಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಮುಕ್ಕಾಲು ಕಿಲೋ ತೂಗುವ ಪೆಟ್ರೋಲಿನಿಂದ ಅಷ್ಟು ಹೇಗೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ಇಂಧನದಲ್ಲಿರುವ ಇಂಗಾಲ ಗಾಳಿಯ ಆಮ್ಲಜನಕವನ್ನು ಸೇರಿಸಿಕೊಳ್ಳುವುದರಿಂದ ತೂಕ ಏರುತ್ತದೆ. ಹಂಪಿಗೆ ಸುಮಾರು 340 ಕಿ.ಮೀ. ಲೀಟರಿಗೆ 15 ಕಿ.ಮೀ. ಓಡುವ ಕಾರಾದರೆ ಹೋಗುವಾಗಲೇ 50 ಕಿಲೋ ದಾಟುತ್ತದೆ. ನಾಲ್ವರಿದ್ದರೆ ತಲೆಗೆ 13 ಕಿಲೋ. ಒಬ್ಬರೇ ಹೋದರೆ ಪೂರ್ತಿ ಅವರದೇ. ಮುಂದಿನ ಸಲ ಹಂಪಿ ಪಕ್ಕದ ಹೊಸಪೇಟೆಗೆ ರಾತ್ರಿ ರೈಲಿನಲ್ಲೇ ಹೋಗೋಣವೇ ಎಂದು ಮಕ್ಕಳು ಕೇಳಿದರೆ, ದಯವಿಟ್ಟು ಒಪ್ಪಿಬಿಡಿ.