ಕುಕ್ಕರಗಾಲಿನಲ್ಲಿ ಕೂರುವ ಪರೀಕ್ಷೆ: ಕುಸುಮ ರೋಗದ ಮಕ್ಕಳ ದಿನಚರಿಯನ್ನು ಅಳೆಯುವ ವಿಧಾನಗಳು

ಹಿಮೋಫಿಲಿಯಾ ಅಥವಾ ಕುಸುಮ ರೋಗವು ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳಲ್ಲಿ ಒಂದರ ಕೊರತೆಯಿಂದ ಬರುವ ಆನುವಂಶಿಕ ಕಾಯಿಲೆ. ವೈದ್ಯರು ‘ಫ್ಯಾಕ್ಟರ್’ ಎಂದು ಕರೆಯುವ ಈ ಪ್ರೋಟೀನುಗಳಲ್ಲಿ ಎಂಟನೆಯದು ಕಡಿಮೆಯಾದರೆ ‘ಎ’ ವಿಧ, ಒಂಬತ್ತನೆಯದು ಕಡಿಮೆಯಾದರೆ ‘ಬಿ’ ವಿಧ. ಇದರ ದೋಷವು ಎಕ್ಸ್ ವರ್ಣತಂತುವಿನಲ್ಲಿ ಇರುವುದರಿಂದ ತೀವ್ರ ರೂಪದಲ್ಲಿ ಕಾಣಿಸಿಕೊಳ್ಳುವುದು ಬಹುತೇಕ ಗಂಡುಮಕ್ಕಳಲ್ಲಿ. ಫ್ಯಾಕ್ಟರ್ ಪ್ರಮಾಣ ಶೇ 1ಕ್ಕಿಂತ ಕೆಳಗಿರುವ ಮಗುವಿಗೆ ಪೆಟ್ಟು ಬೀಳಲೇಬೇಕೆಂದಿಲ್ಲ. ನೋಡುವವರಿಗೆ ಯಾವ ಕಾರಣವೂ ತೋರದೆ ಮೊಣಕಾಲು, ಹರಡು ಅಥವಾ ಮೊಣಕೈಯ ಕೀಲಿನೊಳಗೆ ರಕ್ತ ತುಂಬಿಕೊಂಡು, ಕೀಲು ಊದಿ, ಬಿಸಿಯಾಗಿ, ಮಡಚಲು ಬಾರದಂತಾಗುತ್ತದೆ. ಹೀಗೆ ಮತ್ತೆ ಮತ್ತೆ ಒಸರಿದ ರಕ್ತದಲ್ಲಿನ ಕಬ್ಬಿಣದ ಅಂಶವು ಕೀಲಿನ ಒಳಪೊರೆಯನ್ನು ಕೆರಳಿಸಿ ದಪ್ಪಗಾಗಿಸುತ್ತದೆ, ಆ ದಪ್ಪ ಪೊರೆಯಿಂದ ರಕ್ತಸ್ರಾವ ಇನ್ನೂ ಸುಲಭವಾಗುತ್ತದೆ, ಕೊನೆಗೆ ಮೃದ್ವಸ್ಥಿ ಸವೆದು ಕೀಲು ಶಾಶ್ವತವಾಗಿ ಬಿಗಿಯುತ್ತದೆ.

ಈ ಹಾನಿಯನ್ನು ಅಳೆಯುವ ಸಾಧನಗಳಿಗೆ ಕೊರತೆಯಿಲ್ಲ. ಎಕ್ಸ್-ರೇ ಇದೆ, ಎಂಆರ್‌ಐ ಇದೆ, ಎರಡು ಮೊಣಕೈ, ಎರಡು ಮೊಣಕಾಲು, ಎರಡು ಹರಡುಗಳನ್ನು ಕೈಯಿಂದಲೇ ಪರೀಕ್ಷಿಸಿ ಅಂಕ ಕೊಡುವ ಕ್ರಮವೂ ಇದೆ. ಆದರೆ ಕೀಲು ಎಷ್ಟು ಡಿಗ್ರಿ ಮಡಚುತ್ತದೆ ಎಂಬುದು ತಿಳಿದಾಕ್ಷಣ ಆ ಮಗು ತಾನೇ ಸ್ನಾನ ಮಾಡಬಲ್ಲದೆ, ಶಾಲೆಯ ಮೆಟ್ಟಿಲು ಹತ್ತಬಲ್ಲದೆ ಎಂಬುದು ತಿಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿಕೊಂಡ ವರ್ಗೀಕರಣವು ಅಂಗದ ರಚನೆ ಮತ್ತು ಕ್ರಿಯೆ, ವ್ಯಕ್ತಿಯ ಚಟುವಟಿಕೆ, ಸಮಾಜದಲ್ಲಿ ಅವನ ಪಾಲ್ಗೊಳ್ಳುವಿಕೆ ಎಂಬ ಮೂರನ್ನು ಬೇರೆ ಬೇರೆಯಾಗಿ ನೋಡಲು ಹೇಳಿದ್ದು ಇದೇ ಕಾರಣಕ್ಕೆ. ಇವುಗಳಲ್ಲಿ ಎರಡನೆಯದನ್ನು, ಅಂದರೆ ಚಟುವಟಿಕೆಯನ್ನು, ಕುಸುಮ ರೋಗಿಗಳಲ್ಲಿ ಅಳೆಯಲು ರೂಪುಗೊಂಡ ಒಂದು ಮುಖ್ಯ ವಿಧಾನ ಕರ್ನಾಟಕದ ನೆರೆಯಲ್ಲಿಯೇ ಹುಟ್ಟಿತು.

ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 2005ರಲ್ಲಿ ಪ್ರಕಟಿಸಿದ ಈ ಮಾಪನವನ್ನು ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ‘ಫಿಶ್’ ಎಂದು ಕರೆಯುತ್ತಾರೆ. ಕುಸುಮ ರೋಗಿಯ ಕ್ರಿಯಾತ್ಮಕ ಸ್ವಾವಲಂಬನೆಯ ಅಂಕ ಎಂಬುದು ಅದರ ಅರ್ಥ. ಈಗ ಬಳಕೆಯಲ್ಲಿರುವ ರೂಪದಲ್ಲಿ ಎಂಟು ಕೆಲಸಗಳಿವೆ: ಊಟ ಮತ್ತು ತಲೆ ಬಾಚುವಂಥ ಕೆಲಸ, ಸ್ನಾನ, ಬಟ್ಟೆ ತೊಡುವುದು, ಕುರ್ಚಿಯಲ್ಲಿ ಕುಳಿತು ಏಳುವುದು, ಕುಕ್ಕರಗಾಲಿನಲ್ಲಿ ಕೂರುವುದು, ನಡಿಗೆ, ಮೆಟ್ಟಿಲು ಹತ್ತುವುದು, ಓಟ. ಪ್ರತಿಯೊಂದಕ್ಕೂ 1ರಿಂದ 4ರವರೆಗೆ ಅಂಕ. ಮಾಡಲಾಗದಿದ್ದರೆ ಅಥವಾ ಪೂರ್ತಿ ಇನ್ನೊಬ್ಬರ ಆಸರೆ ಬೇಕಾದರೆ 1, ಅಷ್ಟಿಷ್ಟು ನೆರವಿನಿಂದಲೋ ಸಾಧನದಿಂದಲೋ ಮಾಡಿದರೆ 2, ನೆರವಿಲ್ಲದಿದ್ದರೂ ತೊಡಕಿನಿಂದ ಮಾಡಿದರೆ 3, ಆರೋಗ್ಯವಂತರಂತೆ ಸಲೀಸಾಗಿ ಮಾಡಿದರೆ 4. ಹೀಗಾಗಿ ಒಟ್ಟು ಅಂಕ 8ಕ್ಕಿಂತ ಕೆಳಗಿಳಿಯುವುದಿಲ್ಲ, 32ನ್ನು ಮೀರುವುದಿಲ್ಲ. ಇಲ್ಲಿ ಪರೀಕ್ಷಕರು ಕೇಳಿ ಬರೆದುಕೊಳ್ಳುವುದಿಲ್ಲ, ಕಣ್ಣೆದುರು ಮಾಡಿಸಿ ನೋಡುತ್ತಾರೆ ಎಂಬುದೇ ಈ ವಿಧಾನದ ಜೀವಾಳ. ಹೊಸದಾಗಿ ರಕ್ತಸ್ರಾವವಾಗಿ ನೋಯುತ್ತಿರುವ ಹೊತ್ತಿನಲ್ಲಿ ಮಾತ್ರ ಇದನ್ನು ಮುಂದೂಡಬೇಕಾಗುತ್ತದೆ, ಏಕೆಂದರೆ ಆಗ ಸಿಗುವುದು ಆ ದಿನದ ನೋವಿನ ಅಳತೆಯೇ ಹೊರತು ಮಗುವಿನ ಶಕ್ತಿಯ ಅಳತೆಯಲ್ಲ.

ಎಂಟರಲ್ಲಿ ಕುಕ್ಕರಗಾಲಿನ ಪರೀಕ್ಷೆ ವಿಶೇಷ ಗಮನಕ್ಕೆ ಅರ್ಹವಾಗಿದೆ. ಹಾಗೆ ಕೂರಬೇಕಾದರೆ ಮೊಣಕಾಲು ಹೆಚ್ಚುಕಡಿಮೆ ಪೂರ್ತಿ ಮಡಚಬೇಕು, ಹರಡು ಮುಂದಕ್ಕೆ ಬಾಗಬೇಕು, ಏಳುವಾಗ ತೊಡೆಯ ಸ್ನಾಯುಗಳು ಇಡೀ ಮೈಭಾರವನ್ನು ಎತ್ತಬೇಕು. ರಕ್ತಸ್ರಾವಕ್ಕೆ ಅತಿ ಹೆಚ್ಚು ಗುರಿಯಾಗುವ ಎರಡು ಕೀಲುಗಳೂ ಅವುಗಳ ಸುತ್ತಲಿನ ಸ್ನಾಯುಗಳೂ ಒಂದೇ ಚಲನೆಯಲ್ಲಿ ಪರೀಕ್ಷೆಗೆ ಒಳಪಡುತ್ತವೆ. ಸೂಕ್ಷ್ಮವಾಗಿ ಗಮನಿಸಿದರೆ ಒಂದು ಹಿಮ್ಮಡಿ ನೆಲದಿಂದ ಮೇಲೆದ್ದಿರುವುದು, ಮೈಭಾರವೆಲ್ಲ ಒಳ್ಳೆಯ ಕಾಲಿನ ಕಡೆಗೆ ವಾಲಿರುವುದು, ಏಳುವಾಗ ಕೈ ತನಗೆ ತಾನೇ ನೆಲಕ್ಕೋ ಗೋಡೆಗೋ ಹೋಗುವುದು ಕಾಣುತ್ತದೆ. ಕಮೋಡಿನ ಮೇಲೆ ಕೂರುವ ನಾಡಿನ ಮಗುವಿಗೆ ಇದು ಅಷ್ಟು ಮುಖ್ಯವಲ್ಲದಿರಬಹುದು; ಇಲ್ಲಿನ ಮಗುವಿಗೆ ಶಾಲೆಯ ಶೌಚಾಲಯವನ್ನು ಬಳಸಬಹುದೇ ಎಂಬುದು, ಎಷ್ಟೋ ಸಲ ಶಾಲೆಗೆ ಹೋಗಬಹುದೇ ಎಂಬುದು ಕೂಡ, ಇದನ್ನೇ ಅವಲಂಬಿಸಿರುತ್ತದೆ.

ಇನ್ನೊಂದು ದಾರಿ ಕೇಳಿ ತಿಳಿಯುವುದು. ನೆದರ್‌ಲ್ಯಾಂಡ್ಸ್‌ನ ಯುಟ್ರೆಕ್ಟ್ ನಗರದ ತಜ್ಞರು ವಯಸ್ಕ ರೋಗಿಗಳಿಗಾಗಿ ಮೊದಲು ಸಿದ್ಧಪಡಿಸಿದ್ದ ಪ್ರಶ್ನಾವಳಿಯನ್ನು ಮಕ್ಕಳಿಗೆ ಒಗ್ಗಿಸಿ, ರೊಮೇನಿಯಾದ ಮಕ್ಕಳಲ್ಲಿ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ‘ಪೆಡ್‌ಹಾಲ್’ ಎಂಬ ಈ ಪ್ರಶ್ನಾವಳಿಯಲ್ಲಿ 53 ಪ್ರಶ್ನೆಗಳಿದ್ದು, ಕೂರುವುದು ನಿಲ್ಲುವುದರಿಂದ ಹಿಡಿದು ಮನೆಗೆಲಸ, ಪ್ರಯಾಣ, ಆಟದವರೆಗೆ ಏಳು ವಿಭಾಗಗಳನ್ನು ಅವು ಆವರಿಸುತ್ತವೆ. ಕಳೆದ ಒಂದು ತಿಂಗಳಲ್ಲಿ ಇಂಥ ಕೆಲಸ ಎಷ್ಟು ಸಲ ಕಷ್ಟವಾಯಿತು ಎಂಬುದಕ್ಕೆ ‘ಅಸಾಧ್ಯ’ದಿಂದ ‘ಎಂದೂ ಇಲ್ಲ’ದವರೆಗೆ ಆರು ಹಂತದ ಉತ್ತರಗಳಿದ್ದು, ಮೊತ್ತವನ್ನು 0ಯಿಂದ 100ರ ಅಳತೆಗೆ ತರಲಾಗುತ್ತದೆ, 100 ಎಂದರೆ ಯಾವ ಮಿತಿಯೂ ಇಲ್ಲ. ಚಿಕ್ಕ ಮಕ್ಕಳ ಪರವಾಗಿ ತಂದೆತಾಯಿ ಉತ್ತರಿಸುತ್ತಾರೆ.

ಪ್ರಶ್ನಾವಳಿಯು ಆಸ್ಪತ್ರೆಯ ಕೋಣೆಯಲ್ಲಿ ಕಾಣದ ಬಸ್ಸು, ಅಂಗಳ, ಮೈದಾನಗಳನ್ನು ತಲುಪುತ್ತದೆ ಎಂಬುದು ದೊಡ್ಡ ಲಾಭ. ಆದರೆ ಹುಟ್ಟಿನಿಂದಲೂ ಈ ಕಾಯಿಲೆಯೊಡನೆ ಬೆಳೆದ ಮಗುವಿಗೆ ತನ್ನ ಮಿತಿ ಮಿತಿಯೆಂದೇ ತೋರುವುದಿಲ್ಲ. ಮೊಣಕೈ ಪೂರ್ತಿ ಮಡಚದ ಹುಡುಗ ತುತ್ತನ್ನು ಬಾಯಿಗೆ ಒಯ್ಯುವ ಬದಲು ತಲೆಯನ್ನೇ ತಟ್ಟೆಯ ಕಡೆಗೆ ಬಗ್ಗಿಸುತ್ತಾನೆ, ಬಾಚಣಿಗೆಯನ್ನು ಮೇಲೆತ್ತುವ ಬದಲು ಕುತ್ತಿಗೆ ವಾಲಿಸುತ್ತಾನೆ. ಊಟ ಮಾಡಲು ಕಷ್ಟವೇ ಎಂದು ಕೇಳಿದರೆ ಇಲ್ಲವೆಂದು ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಇನ್ನು, ಬಿದ್ದರೆ ಗತಿಯೇನೆಂದು ಹೆದರಿ ಸೈಕಲ್ಲನ್ನೇ ಮುಟ್ಟಗೊಡದ ಮನೆಯಲ್ಲಿ ಸೈಕಲ್ಲಿನ ಪ್ರಶ್ನೆಗೆ ‘ಅನ್ವಯಿಸದು’ ಎಂಬ ಉತ್ತರ ಬರುತ್ತದೆ, ಮಗುವಿನ ಕಾಲಿನಲ್ಲಿ ಶಕ್ತಿಯಿದೆಯೇ ಇಲ್ಲವೇ ಎಂಬುದು ಮರೆಯಲ್ಲಿಯೇ ಉಳಿಯುತ್ತದೆ. ಆದ್ದರಿಂದ ಎರಡು ವಿಧಾನಗಳೂ ಬೇಕು. ಆದರೂ ಒಂದನ್ನೇ ಆರಿಸಬೇಕಾದ ಕಡೆ ಮಾಡಿಸಿ ನೋಡುವುದಕ್ಕೆ ಮೊದಲ ಸ್ಥಾನ ಸಲ್ಲಬೇಕು. ತಾವೇ ಸ್ನಾನ ಮಾಡುವ, ಬಟ್ಟೆ ತೊಡುವ ವಯಸ್ಸು ಬಾರದ ತೀರ ಎಳೆಯ ಮಕ್ಕಳಿಗೆ ಅದು ಹೊಂದುವುದಿಲ್ಲ ಎಂಬುದನ್ನು ಬಿಟ್ಟರೆ, ಅದಕ್ಕೆ ಒಂದು ಕುರ್ಚಿ, ಒಂದು ಬಾಚಣಿಗೆ, ಕೆಲವು ಮೆಟ್ಟಿಲು, ಓಡುವಷ್ಟು ಜಾಗ ಮತ್ತು ತರಬೇತಿ ಪಡೆದ ಒಬ್ಬರು ಇದ್ದರೆ ಸಾಕು.

ಒಟ್ಟು ಅಂಕಕ್ಕಿಂತ ಯಾವ ಕೆಲಸದ ಅಂಕ ಇಳಿಯಿತು ಎಂಬುದು ಚಿಕಿತ್ಸೆಗೆ ಹೆಚ್ಚು ನೆರವಾಗುತ್ತದೆ. 30 ಇದ್ದ ಮೊತ್ತ 29 ಆದರೆ ಕಾಗದದ ಮೇಲೆ ಅದು ಏನೂ ಅಲ್ಲ. ಆದರೆ ಆ ಒಂದು ಅಂಕ ಕುಕ್ಕರಗಾಲಿನಲ್ಲಿ ಕಳೆದುಹೋಗಿದ್ದರೆ ಮೊಣಕಾಲು, ಹರಡುಗಳನ್ನು ಕೂಡಲೇ ಪರೀಕ್ಷಿಸಿ, ಫ್ಯಾಕ್ಟರ್ ಕೊಡುವ ಕ್ರಮವನ್ನು ಬದಲಿಸಬೇಕೇ, ಫಿಸಿಯೋಥೆರಪಿ ಶುರುಮಾಡಬೇಕೇ ಎಂದು ನಿರ್ಧರಿಸಲು ಇನ್ನೂ ಸಮಯವಿರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಹಿಮೋಫಿಲಿಯಾವೂ ಸೇರಿದೆ. ಆದರೆ ಅಂಗವೈಕಲ್ಯದ ಪ್ರಮಾಣಪತ್ರದಲ್ಲಿ ಬರುವ ಶೇಕಡಾವಾರು ಸಂಖ್ಯೆಯಿಂದ ಆ ಮಗುವನ್ನು ನೆಲಮಹಡಿಯ ತರಗತಿಯಲ್ಲಿ ಕೂರಿಸಬೇಕೇ ಎಂಬುದು ಶಿಕ್ಷಕರಿಗೆ ತಿಳಿಯುವುದಿಲ್ಲ, ಮೆಟ್ಟಿಲಿನ ಅಂಕದಿಂದ ತಿಳಿಯುತ್ತದೆ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಂಥ ಸಂಸ್ಥೆಗಳು ಚಿಕಿತ್ಸೆಯ ಜೊತೆಗೆ ಫಿಸಿಯೋಥೆರಪಿಯನ್ನೂ ಒದಗಿಸುತ್ತ ಬಂದಿರುವ ರಾಜ್ಯದಲ್ಲಿ, ಫ್ಯಾಕ್ಟರ್ ಎಷ್ಟು ಯೂನಿಟ್ ಕೊಡಲಾಯಿತು ಎಂದು ಬರೆಯುವ ಪುಸ್ತಕದಲ್ಲಿಯೇ ಈ ಎಂಟು ಅಂಕಗಳಿಗೂ ಒಂದು ಸಾಲು ಮೀಸಲಿಡುವುದು ಜಿಲ್ಲಾ ಆಸ್ಪತ್ರೆಗಳಿಗೆ ಕಷ್ಟದ ಕೆಲಸವಲ್ಲ.