ಮೊಬೈಲ್ ಇದೆ, ಲೈಬ್ರರಿ ಯಾಕೆ?

ಅಕ್ಕಂದಿರೇ,

ನಮ್ಮ ರಾಮಮೂರ್ತಿ ನಗರದ ಸಾಕ್ಷರತಾ ತರಗತಿಯಲ್ಲಿ ಒಂದು ಸಂಜೆ ಲೈಬ್ರರಿ ಮಾತು ಬಂತು. ಗ್ರಂಥಾಲಯ ಅಂದರೂ ಲೈಬ್ರರಿ ಅಂದರೂ ಒಂದೇ. ಒಬ್ಬ ಅಕ್ಕ ಕೇಳಿದರು:

"ಟೀಚರ್, ಈಗ ಎಲ್ಲಾ ಮೊಬೈಲಲ್ಲೇ ಸಿಗತ್ತಲ್ಲ. ಬಡಾವಣೆಗೊಂದು ಲೈಬ್ರರಿ ಯಾಕೆ? ಊರಿಗೊಂದು ದೊಡ್ಡದು ಇದ್ದರೆ ಸಾಲದಾ?"

ಒಳ್ಳೆಯ ಪ್ರಶ್ನೆ. ಬನ್ನಿ, ಕೂತು ಯೋಚಿಸೋಣ.

ದೊಡ್ಡದು ನಮ್ಮ ಊರಲ್ಲಿ ಇದೆ. ಕಬ್ಬನ್ ಪಾರ್ಕಿನಲ್ಲಿ ಕೆಂಪು ಕಟ್ಟಡ ನೋಡಿದ್ದೀರಾ? ಅದೇ ರಾಜ್ಯ ಕೇಂದ್ರ ಗ್ರಂಥಾಲಯ. ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ನೆನಪಿಗೆ ಕಟ್ಟಿದ್ದು. ಆ ಕಟ್ಟಡಕ್ಕೆ ನೂರು ವರ್ಷ ದಾಟಿದೆ. ಒಂದು ಸಲ ನೋಡಿ ಬನ್ನಿ, ಚೆನ್ನಾಗಿದೆ. ಆದರೆ ದಿನಾ ಹೋಗಲು ಆಗುತ್ತದೆಯೇ? ಇಲ್ಲಿಂದ ಹತ್ತು ಕಿಲೋಮೀಟರಿಗಿಂತ ಹೆಚ್ಚು ದೂರ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಬಸ್ಸಿನ ದುಡ್ಡು ಉಳಿಯಿತು. ಹೊತ್ತು ಉಳಿಯಿತೇ? ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ನಿಂತರೆ ನಿಂತೇ ಬಿಟ್ಟಿತು.

ನೀರು ಹಿಡಿಯಬೇಕು. ಕೆಲಸಕ್ಕೆ ಹೋಗಬೇಕು. ಮಕ್ಕಳು ಸ್ಕೂಲಿಂದ ಬರುವಷ್ಟರಲ್ಲಿ ಮನೆಯಲ್ಲಿರಬೇಕು. ಇದರ ನಡುವೆ ನಿಮಗೆ ಸಿಗುವುದು ಮುಕ್ಕಾಲು ಗಂಟೆ. ಅಷ್ಟರಲ್ಲಿ ನಡೆದು ಹೋಗಿ, ಒಂದಿಷ್ಟು ಓದಿ, ನಡೆದು ಬರಬೇಕು. ಅದಕ್ಕೇ ಲೈಬ್ರರಿ ಹತ್ತಿರ ಬೇಕು. ಹತ್ತಿರ ಬೇಕು ಅಂದರೆ ಹಲವು ಬೇಕು. ಎಸ್. ಆರ್. ರಂಗನಾಥನ್ ಎಂಬ ದೊಡ್ಡ ವಿದ್ವಾಂಸರು ಇದ್ದರು. ಲೈಬ್ರರಿಗೆ ಐದು ಸೂತ್ರ ಬರೆದು 1931ರಲ್ಲಿ ಪುಸ್ತಕ ಮಾಡಿದರು. ಓದುವವರ ಹೊತ್ತು ಉಳಿಸಬೇಕು ಎಂಬುದು ಅದರಲ್ಲಿ ಒಂದು. ಅವರು ಕೊನೆಗಾಲದಲ್ಲಿ ನಮ್ಮ ಬೆಂಗಳೂರಿನಲ್ಲೇ ಇದ್ದರು.

ಈಗ ಮೊಬೈಲ್ ಮಾತು. ಮೊಬೈಲನ್ನು ನಾನು ಬೈಯುವುದಿಲ್ಲ. ನನ್ನ ಚೀಲದಲ್ಲೂ ಒಂದಿದೆ. 2020ರಲ್ಲಿ ಗ್ರಂಥಾಲಯ ಇಲಾಖೆ ಡಿಜಿಟಲ್ ಗ್ರಂಥಾಲಯ ಶುರು ಮಾಡಿತು. ಹೆಸರು ನೋಂದಾಯಿಸಿದರೆ ಪುಸ್ತಕಗಳನ್ನು ಮೊಬೈಲಿನಲ್ಲೇ ಪುಕ್ಕಟೆ ಓದಬಹುದು. ಒಳ್ಳೆಯದೇ. ಆದರೆ ಮನೆಯ ಮೊಬೈಲ್ ಯಾರ ಕೈಯಲ್ಲಿ ಇರುತ್ತದೆ, ನೀವೇ ಹೇಳಿ. ಯಜಮಾನರ ಕೈಯಲ್ಲಿ, ಇಲ್ಲವೇ ಮಗನ ಕೈಯಲ್ಲಿ. ನಿಮ್ಮ ಕೈಗೆ ಬರುವ ಹೊತ್ತಿಗೆ ಚಾರ್ಜ್ ಮುಗಿದಿರುತ್ತದೆ.

ಇನ್ನೊಂದು ಸಂಗತಿ ಇದೆ. ಮೊಬೈಲ್ ಮಾತಾಡುತ್ತದೆ. ವಿಡಿಯೋ ಒತ್ತಿದರೆ ಅಡುಗೆ ಹೇಳುತ್ತದೆ, ಕತೆ ಹೇಳುತ್ತದೆ. ನಾವು ಕೇಳ್ತೀವಿ. ಓದೋದಿಲ್ಲ. ಹೋದ ವರ್ಷ ಪಾಠ ಮುಗಿಸಿದ ಒಬ್ಬರು ಈ ವರ್ಷ ಮತ್ತೆ ಬಂದರು. ಒತ್ತಕ್ಷರ ಎಲ್ಲಾ ಮರೆತು ಹೋಗಿತ್ತು. "ಓದಕ್ಕೆ ಏನೂ ಸಿಗಲಿಲ್ಲ ಟೀಚರ್" ಅಂದರು. ಅವರ ಕೈಯಲ್ಲೇ ಮೊಬೈಲ್ ಇತ್ತು!

ಲೈಬ್ರರಿಯಲ್ಲಿ ಪೇಪರ್ ಮೇಜಿನ ಮೇಲೆ ಹರಡಿರುತ್ತದೆ. ದಪ್ಪ ಅಕ್ಷರದ ತಲೆಬರಹ ಮೊದಲು ಓದಿ. ಕೂತು ಓದಲು ದುಡ್ಡಿಲ್ಲ. ಪುಸ್ತಕ ಮನೆಗೆ ತರಬೇಕಾದರೆ ಸದಸ್ಯರಾಗಬೇಕು. ಒಂದೇ ಕೋಣೆಯ ಮನೆ, ಅದರಲ್ಲೇ ಟಿ.ವಿ. ಇರುವಾಗ ಪರೀಕ್ಷೆಗೆ ಓದುವ ಮಗಳು ಎಲ್ಲಿ ಕೂರಬೇಕು? ಅವಳಿಗೂ ಅಲ್ಲಿ ಒಂದು ಕುರ್ಚಿ ಉಂಟು.

ಮೈಸೂರಿನ ರಾಜೀವ್ ನಗರದಲ್ಲಿ ಸೈಯದ್ ಇಸಾಕ್ ಎಂಬ ಕೂಲಿ ಕೆಲಸದವರು ಒಂದು ಲೈಬ್ರರಿ ನಡೆಸುತ್ತಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ. ಬೇರೆಯವರು ಕನ್ನಡ ಓದಲಿ ಎಂದು ನಡೆಸುತ್ತಿದ್ದರು. 2021ರ ಏಪ್ರಿಲ್‌ನಲ್ಲಿ ಅದು ಸುಟ್ಟು ಹೋಯಿತು. ಸುಮಾರು 11 ಸಾವಿರ ಪುಸ್ತಕ ಬೂದಿಯಾಯಿತು. ಆ ಸುದ್ದಿ ಇಂಟರ್‌ನೆಟ್‌ನಲ್ಲಿ ಹರಡಿತು. ಎಲ್ಲೆಲ್ಲಿಂದಲೋ ಜನ ದುಡ್ಡು ಕೊಟ್ಟರು, ಪುಸ್ತಕ ಕೊಟ್ಟರು. ನೋಡಿ, ಇಂಟರ್‌ನೆಟ್ ಲೈಬ್ರರಿಯ ಶತ್ರು ಅಲ್ಲ.

ಹಾಗಾದರೆ ಖರ್ಚು ಯಾರದು? ನಮ್ಮದೇ. 1965ರಲ್ಲಿ ನಮ್ಮ ರಾಜ್ಯದಲ್ಲಿ ಗ್ರಂಥಾಲಯ ಕಾಯ್ದೆ ಆಯಿತು. ಮನೆ ಕಂದಾಯ 100 ರೂಪಾಯಿ ಆದರೆ ಅದರ ಮೇಲೆ 6 ರೂಪಾಯಿ ಗ್ರಂಥಾಲಯ ಕರ. 2,000 ರೂಪಾಯಿ ಕಂದಾಯಕ್ಕೆ ಎಷ್ಟು? ಲೆಕ್ಕ ಮಾಡಿ. 120 ರೂಪಾಯಿ. ಬಾಡಿಗೆಯವರು ತಮಗೆ ಸಂಬಂಧ ಇಲ್ಲ ಎನ್ನಬೇಡಿ. ಮನೆಯವರು ಕಂದಾಯ ಕಟ್ಟುವುದು ನಿಮ್ಮ ಬಾಡಿಗೆಯಿಂದಲೇ. ಬೆಂಗಳೂರಿನಲ್ಲಿ ಹೀಗೆ ವಸೂಲಾದ ನೂರಾರು ಕೋಟಿ ರೂಪಾಯಿ ಗ್ರಂಥಾಲಯ ಇಲಾಖೆಗೆ ಸೇರದೆ ಬಾಕಿ ಉಳಿದಿದೆ ಎಂದು ಪತ್ರಿಕೆಗಳಲ್ಲಿ ಹಲವು ಸಲ ಬಂದಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು. ಕರ ಮಾತ್ರ ನಾವು ಕಟ್ಟುತ್ತಲೇ ಇದ್ದೇವೆ.

ಒಂದು ಮಾತು ಒಪ್ಪಬೇಕು. ಶಾಖೆ ಹಲವು ಇದ್ದರೆ ಸಾಲದು. ಒಮ್ಮೆ ನಾವು ಆರು ಜನ ಒಂದು ಶಾಖೆಗೆ ಹೋದೆವು. ಬಾಗಿಲಿಗೆ ಬೀಗ. ಒಬ್ಬರು ಬೋರ್ಡಿನ ಮೇಲಿನ ವೇಳೆಯನ್ನು ಅಕ್ಷರ ಕೂಡಿಸಿ ಓದಿದರು. "ಟೀಚರ್, ಈಗ ತೆಗೆದಿರಬೇಕಲ್ಲ!" ಅಂದರು. ಬೀಗ ಹಾಕಿದ ಹತ್ತು ಶಾಖೆಗಿಂತ ತೆಗೆದಿರುವ ನಾಲ್ಕು ಮೇಲು.

ಅವತ್ತೇ ತರಗತಿಗೆ ಬಂದು ನಗರ ಕೇಂದ್ರ ಗ್ರಂಥಾಲಯದ ಉಪನಿರ್ದೇಶಕರಿಗೆ ಅರ್ಜಿ ಬರೆದೆವು. ಬೋರ್ಡಿನಲ್ಲಿರುವ ವೇಳೆಗೆ ಬಾಗಿಲು ತೆಗೆಯಿರಿ. ಹೆಂಗಸರ ಕೆಲಸ ಮುಗಿಯುವ ಸಂಜೆ ಹೊತ್ತಿಗೂ ತೆಗೆದಿಡಿ. ದಪ್ಪ ಅಕ್ಷರದ ಪುಸ್ತಕ ತರಿಸಿ. ಇಷ್ಟೇ ಬರೆದದ್ದು. ಕೆಳಗೆ ಒಂಬತ್ತು ಸಹಿ. ಹೆಬ್ಬೆಟ್ಟು ಒಂದೂ ಇಲ್ಲ. ಉತ್ತರ ಇನ್ನೂ ಬಂದಿಲ್ಲ. ಬರುವ ತಿಂಗಳು ಇನ್ನೊಂದು ಅರ್ಜಿ ಹಾಕುತ್ತೇವೆ. ಅದನ್ನು ನಾನು ಬರೆಯುವುದಿಲ್ಲ, ಪ್ರಶ್ನೆ ಕೇಳಿದ ಆ ಅಕ್ಕನೇ ಬರೆಯುತ್ತಾರಂತೆ.