ಹಳೆಯ ವಸ್ತು, ಹೊಸ ವಿದ್ಯಾರ್ಥಿ

ಪಿ.ಯು.ಸಿ. ಫಲಿತಾಂಶ ಪ್ರಕಟವಾಗಿ ಕಾಲೇಜುಗಳ ಬಾಗಿಲು ತೆರೆಯುವ ಕಾಲ ಸಮೀಪಿಸಿತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಮನೆಗಳಲ್ಲಿ ಸಂತೋಷದ ಬೆನ್ನಿಗೇ ಚಿಂತೆಯೂ ಒಳಹೊಗುತ್ತದೆ. ಮೊದಲನೆಯದು ಶುಲ್ಕದ ಚಿಂತೆ. ಅದು ಹೇಗೋ ನೀಗಿದ ಮೇಲೆ ಎರಡನೆಯದು ತಲೆಯೆತ್ತುತ್ತದೆ. ಮಗನೋ ಮಗಳೋ ಪಟ್ಟಣದ ಬರಿಗೋಡೆಯ ಕೊಠಡಿಯೊಂದರಲ್ಲಿ ನೆಲೆಸಬೇಕು; ಮಂಚ, ಹಾಸಿಗೆ, ಮೇಜು, ಕುರ್ಚಿ, ಫ್ಯಾನು, ಪಾತ್ರೆ ಎಂದು ಪಟ್ಟಿ ಬೆಳೆಯುತ್ತ ಹೋಗುತ್ತದೆ.

ಕಳೆದ ವರ್ಷ ದೊಡ್ಡಬಳ್ಳಾಪುರದ ಕಡೆಯ ಗೃಹಸ್ಥರೊಬ್ಬರು ನನ್ನಲ್ಲಿಗೆ ಬಂದಿದ್ದರು. ಮಗ್ಗವನ್ನು ನಂಬಿ ಬಾಳುವ ಕುಟುಂಬ. ಮಗಳಿಗೆ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಸೀಟು ದೊರೆತಿತ್ತು. ಇಬ್ಬರು ಗೆಳತಿಯರೊಡನೆ ಬಾಡಿಗೆ ಕೊಠಡಿಯೂ ಗೊತ್ತಾಗಿತ್ತು. "ಅಯ್ಯನವರೇ, ಮನೆಯಾಕೆಯ ಬಳೆ ಅಡವಿಟ್ಟು ಸಾಮಾನು ಕೊಡಿಸೋಣ ಅಂತಿದ್ದೀನಿ. ಹಳೇ ಸಾಮಾನು ಕಳಿಸಿದ್ರೆ ಜೊತೆಯವರ ಮುಂದೆ ಮಗೂಗೆ ಅವಮಾನ ಆಗೋದಿಲ್ವೇ?" ಎಂದರು. ಅವರು ಕೇಳಿದ್ದು ಮಂಚದ ಪ್ರಶ್ನೆಯಾಗಿರಲಿಲ್ಲ, ಮರ್ಯಾದೆಯ ಪ್ರಶ್ನೆಯಾಗಿತ್ತು. ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಬೆಲೆಯ ಮಾತನ್ನಾಡಿ ಪ್ರಯೋಜನವಿಲ್ಲ.

ಪ್ರಸಾದ ನಿಲಯಗಳ ಪಾಠ

ನಮ್ಮ ಸಮಾಜದಲ್ಲಿ ವಿದ್ಯೆ ಹರಡಿದ್ದು ಹೊಸ ಪೀಠೋಪಕರಣಗಳ ನಡುವೆ ಅಲ್ಲ. ಗುಬ್ಬಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ವ್ಯಾಪಾರ ಮಾಡಿದ ಧರ್ಮಪ್ರವರ್ತ ತೋಟದಪ್ಪನವರು ತಮ್ಮ ಸಂಪತ್ತನ್ನು ಧರ್ಮಕಾರ್ಯಕ್ಕೆ ಮುಡುಪಾಗಿಟ್ಟರು. ಬೆಂಗಳೂರು ರೈಲು ನಿಲ್ದಾಣದ ಬಳಿ ಅವರು ಕಟ್ಟಿಸಿದ ಛತ್ರವನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ಅವರ ಹೆಸರಿನ ಉಚಿತ ವಿದ್ಯಾರ್ಥಿ ನಿಲಯದಲ್ಲಿ ಹಳ್ಳಿಗಾಡಿನ ಎಷ್ಟೋ ಮಕ್ಕಳು ತಂಗಿ ಓದಿದರು. ಇತ್ತ ನೆಲಮಂಗಲದಿಂದ ತುಮಕೂರು ರಸ್ತೆ ಹಿಡಿದು ಮುಂದೆ ಸಾಗಿದರೆ ಸಿದ್ಧಗಂಗೆ. 2019ರಲ್ಲಿ ಲಿಂಗೈಕ್ಯರಾದ ಡಾ. ಶಿವಕುಮಾರ ಮಹಾಸ್ವಾಮಿಗಳು ಜಾತಿಮತದ ಭೇದವೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತ ಪುಣ್ಯಸ್ಥಳ ಅದು. ಅಲ್ಲಿಗೆ ಸೇರುವ ಬಾಲಕನ ಆಸ್ತಿಯೆಂದರೆ ಒಂದು ತಗಡಿನ ಟ್ರಂಕು, ಹಾಸಲು ಹೊದೆಯಲು ಬೇಕಾದಷ್ಟು ಬಟ್ಟೆ, ಒಂದು ತಟ್ಟೆ, ಒಂದು ಲೋಟ. ಅಷ್ಟರಲ್ಲಿಯೇ ಓದಿ ನ್ಯಾಯಾಧೀಶರೂ ವೈದ್ಯರೂ ಅಧ್ಯಾಪಕರೂ ಆದವರು ನಾಡಿನ ಎಲ್ಲೆಡೆ ಇದ್ದಾರೆ.

ಮಠದಲ್ಲಿ ಓದಿದ ನನ್ನ ಟ್ರಂಕೂ ಹಳೆಯದೇ. ಅದರ ಮುಚ್ಚಳದ ಮೇಲೆ ನನಗಿಂತ ಮೊದಲು ಅದನ್ನು ಬಳಸಿದವನ ಹೆಸರಿತ್ತು. ಬಣ್ಣ ಬಳಿದು ಅಳಿಸಿದೆ. ಎರಡು ವರ್ಷಗಳಲ್ಲಿ ಬಣ್ಣ ಸುಲಿದು ಆ ಹೆಸರು ಮತ್ತೆ ಕಾಣಿಸಿಕೊಂಡಿತು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆತ ಅದೇ ಟ್ರಂಕಿನ ಮೇಲೆ ಪುಸ್ತಕವಿಟ್ಟು ಓದಿ ಸಂಸ್ಕೃತ ಪರೀಕ್ಷೆಯಲ್ಲಿ ಉತ್ತಮವಾಗಿ ತೇರ್ಗಡೆಯಾದನೆಂದು ಹಿರಿಯರೊಬ್ಬರು ಹೇಳಿದಂದಿನಿಂದ ಮತ್ತೆ ಬಣ್ಣ ಬಳಿಯಬೇಕೆನಿಸಲಿಲ್ಲ.

ಶರಣರ ಚರಿತ್ರೆಯಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ಬಲ್ಲದವರು ವಿರಳ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಹಿಂದಿರುಗಿಸಿದರು. ಇಲ್ಲಿ ಎರಡು ತತ್ತ್ವಗಳು ಅಡಗಿವೆ. ಇನ್ನೊಬ್ಬರ ಕೈಯಿಂದ ಜಾರಿದ ವಸ್ತುವನ್ನು ಆಯ್ದುಕೊಳ್ಳುವುದು ಹೀನವಲ್ಲ ಎಂಬುದು ಒಂದು. ಅಗ್ಗವಾಗಿ ದೊರೆಯಿತೆಂದು ಅಗತ್ಯ ಮೀರಿ ತುಂಬಿಕೊಳ್ಳುವುದು ತಪ್ಪು ಎಂಬುದು ಮತ್ತೊಂದು. ಹಳೆಯ ಸಾಮಾನು ಕೊಳ್ಳಹೋಗುವವರು ಎರಡನ್ನೂ ನೆನಪಿನಲ್ಲಿಡಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹಾಸಿಗೆ ಕೊಳ್ಳುವಾಗಲೂ ಸಲ್ಲುತ್ತದೆ.

ಯಾವುದನ್ನು ಕೊಳ್ಳಬೇಕು?

ಮೊದಲು ಹಾಸ್ಟೆಲಿನವರು ಅಥವಾ ಮನೆಯ ಮಾಲೀಕರು ಏನೇನು ಕೊಡುತ್ತಾರೆ, ಏನನ್ನು ತರಬಾರದೆನ್ನುತ್ತಾರೆ ಎಂಬುದನ್ನು ಕೇಳಿ ತಿಳಿಯಬೇಕು. ಬಳಿಕ ಬಂಧುಬಳಗದ ಅಟ್ಟಗಳನ್ನು ನೋಡಬೇಕು. ಅಂಗಡಿಯ ಸರದಿ ಕಡೆಯದು.

ಕಬ್ಬಿಣದ ಮಂಚ, ಮರದ ಮೇಜು, ಕುರ್ಚಿ, ಪುಸ್ತಕದ ಕಪಾಟು, ಟ್ರಂಕು, ಸ್ಟೀಲ್ ಪಾತ್ರೆ, ಬಕೆಟ್ಟು ಇವು ನಿಸ್ಸಂಕೋಚವಾಗಿ ಹಳೆಯವೇ ಆಗಬಹುದು. ಗುಜರಿ ಅಂಗಡಿಗಳಲ್ಲಿ ಕಚೇರಿಗಳು ವಿಲೇವಾರಿ ಮಾಡಿದ ಮೇಜು ಕುರ್ಚಿಗಳು ದೊರೆಯುತ್ತವೆ. ಮೇಜು ನೆಲದಿಂದ ಸುಮಾರು ಎರಡೂವರೆ ಅಡಿ, ಕುರ್ಚಿ ಸುಮಾರು ಒಂದೂವರೆ ಅಡಿ ಎತ್ತರವಿದ್ದರೆ ಬೆನ್ನು ಬಾಗಿಸದೆ ಓದಬಹುದು. ಕುಳಿತು ನೋಡಿಯೇ ಕೊಳ್ಳಬೇಕು. ಮರವನ್ನು ಬೆರಳಿನಿಂದ ತಟ್ಟಿ, ಕಾಲುಗಳ ಬುಡದಲ್ಲಿ ಸಣ್ಣ ತೂತು, ಹಿಟ್ಟಿನಂಥ ಪುಡಿ ಕಂಡರೆ ಹುಳು ಹಿಡಿದಿದೆಯೆಂದು ತಿಳಿದು ಬಿಟ್ಟುಬಿಡಬೇಕು.

ಕೈಗಾರಿಕಾ ಪ್ರದೇಶಗಳಿಗೆ ಯಂತ್ರಗಳನ್ನು ಹೊತ್ತು ಬರುವ ಮರದ ಪೆಟ್ಟಿಗೆಗಳಿಂದ ಊರಿನ ಬಡಗಿಯೇ ಒಳ್ಳೆಯ ಕಪಾಟು ಮಾಡಿಕೊಡಬಲ್ಲ. ಹೊರದೇಶದಿಂದ ಬಂದ ಪೆಟ್ಟಿಗೆಯ ಮೇಲೆ ಮುದ್ರೆಯಿರುತ್ತದೆ. ಎಚ್.ಟಿ. ಎಂದಿದ್ದರೆ ಅದು ಶಾಖದಿಂದ ಸಂಸ್ಕರಿಸಿದ ಮರ, ಮನೆಗೆ ತರಬಹುದು. ಎಂ.ಬಿ. ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ ಮರ, ಅದು ಬೇಡ.

ಪುಸ್ತಕಗಳಿಗೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಿವೆ. ಆದರೆ ಪಠ್ಯಕ್ರಮ ಬದಲಾಗಿಲ್ಲವೆಂಬುದನ್ನು ಮೊದಲು ಅಧ್ಯಾಪಕರಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು.

ಯಾವುದು ಬೇಡ?

ಈ ಮಾತನ್ನು ನನ್ನದೇ ತಪ್ಪಿನಿಂದ ಹೇಳಬೇಕಾಗಿದೆ. ಹಲವು ವರ್ಷಗಳ ಹಿಂದೆ ಒಬ್ಬ ಬಡ ವಿದ್ಯಾರ್ಥಿಗೆ ಪರಿಚಿತರ ಮನೆಯಿಂದ ಹಾಸಿಗೆಯೊಂದನ್ನು ಕೇಳಿ ಕೊಡಿಸಿದ್ದೆ. ಬಿಚ್ಚಿ ನೋಡಲಿಲ್ಲ. ಹದಿನೈದು ದಿನಗಳಲ್ಲಿ ಆ ಕೊಠಡಿಯ ನಾಲ್ವರೂ ತಿಗಣೆಯ ಕಾಟದಿಂದ ನಿದ್ದೆಗೆಟ್ಟು, ಪರೀಕ್ಷೆಯ ಹೊಸ್ತಿಲಲ್ಲಿ ಮಂಚಗಳನ್ನು ಹೊರಗೆಳೆದು ಕುದಿನೀರು ಸುರಿಯಬೇಕಾಯಿತು. ಉಳಿದ ಮೂವರು ಹಾಸಿಗೆ ತಂದವನನ್ನು ದೂರಿದರು. ದೂರು ಸಲ್ಲಬೇಕಾಗಿದ್ದುದು ನನಗೆ.

ತಿಗಣೆ ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು. ಬಿಸಿಲಿಗೆ ಒಣಗಿಸಿದ ಮಾತ್ರಕ್ಕೆ ಸಾಯದು. ಹಾಸಿಗೆಯ ಒಳಮಡಿಕೆಗೆ ಸರಿದು ಅಡಗುತ್ತದೆ. ಆದ್ದರಿಂದ ಹಾಸಿಗೆ, ದಿಂಬು ಮಾತ್ರ ಹೊಸವಾಗಿರಲಿ. ಹಣ ಸಾಲದಿದ್ದರೆ ಚಾಪೆ, ಜಮಖಾನ, ಮನೆಯ ಹಳೆಯ ಸೀರೆಗಳಿಂದ ಹೊಲಿದ ಕೌದಿ ಸಾಕು. ಹಳೆಯ ಕಬ್ಬಿಣದ ಮಂಚವನ್ನು ಒಳಗೆ ತರುವ ಮೊದಲು ಅದರ ಸಂದುಗಳಿಗೆ ಕುದಿಯುವ ನೀರನ್ನು ಹುಯ್ಯಬೇಕು. ಸಂದುಗಳಲ್ಲಿ ಕಪ್ಪು ಚುಕ್ಕೆಗಳಿದ್ದರೆ ಅದು ತಿಗಣೆಯಿದ್ದ ಗುರುತು.

ವಿದ್ಯುತ್ತಿನ ವಸ್ತುಗಳಲ್ಲಿ ಫ್ಯಾನನ್ನು ಅಂಗಡಿಯಲ್ಲಿಯೇ ಅರ್ಧ ಗಂಟೆ ಓಡಿಸಿ ನೋಡಿ ಕೊಳ್ಳಬಹುದು. ಅತಿಯಾಗಿ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಬೇಡ. ವಯರು, ಪ್ಲಗ್ಗುಗಳನ್ನು ಹೊಸದಾಗಿ ಹಾಕಿಸಬೇಕು. ನೀರು ಕಾಯಿಸುವ ಕಾಯಿಲನ್ನು ಎಂದಿಗೂ ಹಳೆಯದು ಕೊಳ್ಳಬಾರದು. ಅದು ಒಂದರಿಂದ ಒಂದೂವರೆ ಸಾವಿರ ವ್ಯಾಟ್ ವಿದ್ಯುತ್ತನ್ನು ಎಳೆಯುತ್ತದೆ. ಅದರ ಹೊದಿಕೆ ಬಿರುಕು ಬಿಟ್ಟಿದ್ದರೆ ಬಕೆಟ್ಟಿನ ನೀರೇ ಪ್ರಾಣ ತೆಗೆಯಬಲ್ಲದು. ಅಡುಗೆ ಅನಿಲದ ರಬ್ಬರ್ ಕೊಳವೆಯೂ ಹೊಸದೇ ಆಗಬೇಕು. ಹಳೆಯ ಕುಕ್ಕರ್ ಆಗಬಹುದು, ಆದರೆ ಅದರ ಗ್ಯಾಸ್ಕೆಟ್, ಸುರಕ್ಷಾ ವಾಲ್ವುಗಳನ್ನು ಬದಲಿಸಬೇಕು. ಉಳಿತಾಯ ಜೀವಕ್ಕೆ ಎರವಾಗಬಾರದು.

ಮೊಬೈಲಿನಲ್ಲಿ ಹಳೆಯ ವಸ್ತು ಹುಡುಕುವ ಮಕ್ಕಳಿಗೆ ಎರಡು ಎಚ್ಚರಿಕೆಗಳು. ವಸ್ತುವನ್ನು ಕಣ್ಣಾರೆ ಕಾಣುವ ಮೊದಲು ಮುಂಗಡ ಕಳಿಸಬೇಡಿ. ನಿಮಗೆ ಹಣ ಬರಬೇಕಾದಾಗ ಯು.ಪಿ.ಐ. ಗುಪ್ತಸಂಖ್ಯೆ ಒತ್ತುವ ಅಗತ್ಯವೇ ಇಲ್ಲ, ಒತ್ತಿರೆನ್ನುವವನು ವಂಚಕ. ಬೆಲೆ ಅನುಮಾನ ಹುಟ್ಟಿಸುವಷ್ಟು ಕಡಿಮೆಯಿದ್ದು, ಮಾರುವವನು ರಸೀದಿ ಕೊಡಲೊಲ್ಲದಿದ್ದರೆ ಆ ವಸ್ತು ಕಳವಿನ ಮಾಲಾಗಿರಬಹುದು. ಸತ್ಯಶುದ್ಧ ಕಾಯಕದಿಂದ ಬಾರದ ವಸ್ತು ಎಷ್ಟು ಅಗ್ಗವಾದರೂ ನಮ್ಮ ಮನೆಗೆ ಸಲ್ಲದು.

ಕೊಡುವವರಿಗೊಂದು ಮಾತು

ಕೊಳ್ಳುವವರಿಗಿಂತ ಕೊಡುವವರ ಹೊಣೆ ದೊಡ್ಡದು. ಮುರಿದ ಕುರ್ಚಿಯನ್ನು, ಸುಟ್ಟ ಮೋಟಾರಿನ ಫ್ಯಾನನ್ನು ಬಡವರ ಮಕ್ಕಳಿಗೆ ಕೊಟ್ಟೆವೆಂದು ಹೇಳಿಕೊಳ್ಳುವುದು ದಾಸೋಹವಲ್ಲ. ಮನೆಯ ಕಸವನ್ನು ಇನ್ನೊಬ್ಬರ ಹೆಗಲಿಗೇರಿಸುವುದಷ್ಟೆ. ನಮ್ಮ ಮಕ್ಕಳಿಗೆ ಕೊಡಲು ಹಿಂಜರಿಯುವ ವಸ್ತುವನ್ನು ಬೇರೆಯವರ ಮಕ್ಕಳಿಗೆ ಕೊಡಬಾರದು. ತೊಳೆದು, ರಿಪೇರಿ ಮಾಡಿಸಿ ಕೊಟ್ಟರೆ ಪಡೆದವರು ತಲೆಯೆತ್ತಿ ಬಳಸುತ್ತಾರೆ.

ಪ್ರತಿ ತಾಲ್ಲೂಕಿನ ಸಮಾಜದ ಸಮುದಾಯ ಭವನದಲ್ಲಿ ಒಂದು ಕೋಣೆಯನ್ನು ಇದಕ್ಕೆಂದೇ ಮೀಸಲಿಡಬಾರದೇಕೆ? ಕಾಲೇಜು ಮುಗಿಸಿ ಹೊರಡುವವರು ತಮ್ಮ ಮೇಜು, ಮಂಚಗಳನ್ನು ಅಲ್ಲಿಡಲಿ. ಹೊಸದಾಗಿ ಸೇರುವವರು ಒಯ್ಯಲಿ. ಪುಸ್ತಕವೊಂದರಲ್ಲಿ ವಸ್ತುವಿನ ಹೆಸರು, ಒಯ್ದ ದಿನ, ಹಿಂದಿರುಗಿಸಿದ ದಿನ ಬರೆದರೆ ಸಾಕು. ಒಯ್ದವರ ಜಾತಿ, ಬಡತನಗಳನ್ನು ಕೇಳುವುದು ಬೇಡ. ಕೊಟ್ಟವರ ಹೆಸರನ್ನು ಗೋಡೆಯ ಮೇಲೆ ಕೆತ್ತಿಸುವುದೂ ಬೇಡ.

ಆರಂಭದಲ್ಲಿ ಹೇಳಿದ ಗೃಹಸ್ಥರಿಗೆ ಇಷ್ಟನ್ನೇ ತಿಳಿಸಿದೆ. ಅವರು ಒಪ್ಪಿದಂತೆ ಕಾಣಲಿಲ್ಲ. ಒಪ್ಪಿದ್ದು ಜೊತೆಗೆ ಬಂದಿದ್ದ ಮಗಳು. "ಅಪ್ಪಾಜಿ, ಅಮ್ಮನ ಬಳೆ ಅಡ ಇಟ್ಟು ತಂದ ಮಂಚದ ಮೇಲೆ ನನಗೆ ನಿದ್ದೆ ಬರುತ್ತಾ?" ಎಂದಳು. ಸೋದರಮಾವನ ಅಟ್ಟದಿಂದ ಮೇಜು, ಗುಜರಿಯಿಂದ ಮಂಚ ಬಂದವು. ಹಾಸಿಗೆಯೊಂದನ್ನು ಹೊಸದು ಕೊಂಡರು. ಮೊದಲ ವಾರ ಗೆಳತಿಯೊಬ್ಬಳು ಮೇಜಿನ ಮೇಲಿನ ಗೀರುಗಳನ್ನು ನೋಡಿ ನಕ್ಕಳಂತೆ. ಮಗುವಿಗೆ ಬೇಸರವೂ ಆಯಿತಂತೆ. ಆ ನೋವಾಗುವುದಿಲ್ಲವೆಂದು ನಾನು ಹೇಳಲಾರೆ. ಆದರೆ ಈ ಶಿವರಾತ್ರಿಗೆ ಆ ದಂಪತಿಗಳು ಮನೆಗೆ ಬಂದಾಗ ಆ ತಾಯಿಯ ಕೈಯಲ್ಲಿ ಬಳೆಗಳಿದ್ದವು. ಮಗಳು ಮೊದಲ ಸೆಮಿಸ್ಟರಿನ ಎಲ್ಲ ವಿಷಯಗಳಲ್ಲಿಯೂ ತೇರ್ಗಡೆಯಾಗಿದ್ದಾಳೆಂದು ತಂದೆ ಹೇಳಿದರು. ಓದು ಮುಗಿದ ಮೇಲೆ ಆ ಮೇಜು ಮುಂದಿನವರಿಗೆ ಹೋಗಬೇಕೆಂದು ಅವಳು ಈಗಲೇ ಹೇಳಿಟ್ಟಿದ್ದಾಳಂತೆ.